ಹತ್ತು ಟನ್ನು ಅಕ್ಕಿ, ಇಪ್ಪತ್ತು ಕಿಲೋಮೀಟರು ದಾರಿ

ತುಂಗೆಯ ದಡದಲ್ಲಿ ಶಿವಮೊಗ್ಗವಿದೆ. ಭದ್ರೆಯ ದಡದಲ್ಲಿ ಭದ್ರಾವತಿಯಿದೆ. ನದಿಗಳೆರಡೂ ಮುಂದೆ ಕೂಡಲಿಯಲ್ಲಿ ಸಂಗಮವಾಗುತ್ತವೆ. ಊರುಗಳೆರಡನ್ನು ಕೂಡಿಸುವ ಕೆಲಸವನ್ನು ಸುಮಾರು 20 ಕಿಲೋಮೀಟರು ಉದ್ದದ ಹೆದ್ದಾರಿಯೊಂದು ವಹಿಸಿಕೊಂಡಿದೆ. ಹಿಂದೆ 206ನೆಯ ಸಂಖ್ಯೆಯದಾಗಿದ್ದು ಈಗ 69ನೆಯದೆನಿಸಿರುವ ಈ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ನಿದಿಗೆಯಲ್ಲಿಯೋ ಮಾಚೇನಹಳ್ಳಿಯಲ್ಲಿಯೋ, ಬೆಳಗಿನ ಹೊತ್ತು ಅರ್ಧ ಗಂಟೆ ನಿಂತು ನೋಡಿದರೆ ಸಾಕು. ಅಕ್ಕಿಯ ಮೂಟೆ, ಸಿಮೆಂಟು, ಮರಳು, ಜಲ್ಲಿ, ಎರಕದ ಕಬ್ಬಿಣದ ಸಾಮಾನು, ಹಾಲು, ಅಡಿಕೆ ಇವುಗಳನ್ನೆಲ್ಲ ಹೊತ್ತ ಲಾರಿಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ. ದಿನವೂ ಕಾಣುವ ನೋಟವಾದುದರಿಂದ ಅದರಲ್ಲಿ ಯೋಚಿಸತಕ್ಕದ್ದು ಏನಾದರೂ ಉಂಟೆಂದು ನಮಗೆ ತೋರುವುದಿಲ್ಲ.

ನನಗೆ ಹಾಗೆ ತೋರುವಂತೆ ಮಾಡಿದವನು ಭದ್ರಾವತಿಯಿಂದ ನಿತ್ಯವೂ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬ. ಅಂದು ತರಗತಿಯಲ್ಲಿ ಭೌತಶಾಸ್ತ್ರದ 'ಕೆಲಸ' ಎಂಬ ಪದವನ್ನು ವಿವರಿಸುತ್ತಿದ್ದೆ. ಬಲವೊಂದು ವಸ್ತುವನ್ನು ತನ್ನ ದಿಕ್ಕಿನಲ್ಲಿ ಎಷ್ಟು ದೂರ ಸರಿಸುತ್ತದೆಯೋ ಆ ದೂರವನ್ನು ಬಲದಿಂದ ಗುಣಿಸಿದರೆ ಬರುವುದೇ ಕೆಲಸ. ಮೂಟೆಯನ್ನು ಹೊತ್ತುಕೊಂಡು ಸಮತಲವಾದ ನೆಲದ ಮೇಲೆ ನಡೆಯುವ ಮನುಷ್ಯ ಅದನ್ನು ಮೇಲಕ್ಕೆ ಆತುಕೊಂಡಿರುತ್ತಾನೆ; ಮೂಟೆಯಾದರೋ ಮುಂದಕ್ಕೆ ಸರಿಯುತ್ತದೆ. ಆದಕಾರಣ ಶಾಸ್ತ್ರದ ದೃಷ್ಟಿಯಲ್ಲಿ ಅವನು ಮೂಟೆಯ ಮೇಲೆ ಮಾಡಿದ ಕೆಲಸ ಸೊನ್ನೆ. ಇದನ್ನು ಕೇಳಿ ಆ ಹುಡುಗ ಎದ್ದು ನಿಂತ.

"ಸಾರ್, ನಮ್ಮ ತಂದೆ ಲಾರಿ ಓಡಿಸುತ್ತಾರೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಘಾಟಿಯೇನೂ ಇಲ್ಲ, ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಹಾಗಾದರೆ ಅಕ್ಕಿ ಸಾಗಿಸಿದ್ದರಲ್ಲಿ ಕೆಲಸವೇ ಆಗಲಿಲ್ಲ ಎಂದಾಯಿತಲ್ಲ! ಡೀಸೆಲ್ಲಿಗೆ ದುಡ್ಡು ಯಾಕೆ ಕೊಡಬೇಕು?"

ತರಗತಿ ಗೊಳ್ಳೆಂದು ನಕ್ಕಿತು. ಅವನು ನಗಲಿಲ್ಲ; ಇನ್ನೊಂದು ಮಾತನ್ನೂ ಸೇರಿಸಿದ. "ಐದು ಟನ್ನು ಜಾಸ್ತಿ ಹೇರಿದರೂ ಡೀಸೆಲ್ ಅಷ್ಟೇನೂ ಜಾಸ್ತಿ ಕುಡಿಯುವುದಿಲ್ಲ ಎಂದು ಲಾರಿಯ ಮಾಲೀಕರು ಹೇಳುತ್ತಾರೆ, ಸಾರ್. ಆದರೆ ಹಾಗೆ ಹೇರಿದ ದಿನ ನಮ್ಮ ತಂದೆಗೆ ಊಟ ಸೇರುವುದಿಲ್ಲ."

ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಒಂದೇ ಲೆಕ್ಕದಿಂದ ತೆಗೆಯಬಹುದು. ಅದಕ್ಕೆ ಬೇಕಾದ ಗಣಿತ ಗುಣಾಕಾರ ಭಾಗಾಕಾರಗಳಿಗಿಂತ ಹೆಚ್ಚಿನದಲ್ಲ. ಲೆಕ್ಕಕ್ಕಾಗಿ ಲಾರಿಯೊಂದನ್ನು ಕಲ್ಪಿಸಿಕೊಳ್ಳೋಣ. ಮುಂದೆ ಎರಡು ಚಕ್ರ, ಹಿಂದೆ ನಾಲ್ಕು ಚಕ್ರಗಳುಳ್ಳ ಸಾಮಾನ್ಯ ಲಾರಿ ಅದು. ಬರಿದಾಗಿದ್ದಾಗ ಅದರ ತೂಕ 6 ಟನ್ನು. ಅದರಲ್ಲಿ ತಲಾ 50 ಕಿಲೋಗ್ರಾಮಿನ 200 ಮೂಟೆ ಅಕ್ಕಿ, ಎಂದರೆ 10 ಟನ್ನು ಸರಕು ಇದೆ. ಒಟ್ಟು 16 ಟನ್ನು.

ಗುಡ್ಡ ಕೊಟ್ಟ ಬಾಡಿಗೆ

ಹುಡುಗನ ಮೊದಲನೆಯ ಪ್ರಶ್ನೆಯಲ್ಲಿ ದೊಡ್ಡ ಸತ್ಯವೊಂದು ಅಡಗಿದೆ. ಸಮತಲದ ಮೇಲೆ ಸರಕು ಸಾಗಿಸಲು ತಾತ್ವಿಕವಾಗಿ ಶಕ್ತಿಯ ವೆಚ್ಚವೇ ಬೇಕಾಗಿಲ್ಲ. ಚಲಿಸುತ್ತಿರುವ ವಸ್ತುವನ್ನು ಯಾವ ಬಲವೂ ತಡೆಯದಿದ್ದರೆ ಅದು ಅದೇ ವೇಗದಿಂದ ನೇರವಾಗಿ ಚಲಿಸುತ್ತಲೇ ಇರುತ್ತದೆಂದು ನ್ಯೂಟನ್ನನು 1687ರಲ್ಲಿಯೇ ಸಾರಿದ್ದಾನಷ್ಟೆ. ಎತ್ತರದಲ್ಲಿ ವ್ಯತ್ಯಾಸವಿದ್ದಾಗ ಮಾತ್ರ ಗುರುತ್ವಾಕರ್ಷಣೆ ತನ್ನ ಪಾಲನ್ನು ಕೇಳುತ್ತದೆ, ಅಥವಾ ಕೊಡುತ್ತದೆ.

ಕೊಡುವುದಕ್ಕೆ ಉದಾಹರಣೆ ಭದ್ರಾವತಿಯ ಇತಿಹಾಸದಲ್ಲಿಯೇ ಉಂಟು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ 1918ರಲ್ಲಿ ಆರಂಭಗೊಂಡು 1923ರಲ್ಲಿ ಕಬ್ಬಿಣವನ್ನು ಉತ್ಪಾದಿಸತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಇದ್ದಿಲು ಮಲೆನಾಡಿನ ಕಾಡುಗಳಿಂದ ಬರುತ್ತಿತ್ತು. ಅದಿರು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಬೆಟ್ಟದ ಮೇಲಿನ ಅದಿರನ್ನು ಕೆಳಕ್ಕೆ ತರಲು ರೋಪ್‌ವೇ ಎನಿಸುವ ತಂತಿಹಗ್ಗದ ಮಾರ್ಗವನ್ನು ಕಟ್ಟಿದ್ದರು. ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1400 ಮೀಟರು ಎತ್ತರದಲ್ಲಿದೆ. ಭದ್ರಾವತಿ 600 ಮೀಟರಿನ ಆಸುಪಾಸಿನಲ್ಲಿದೆ. ಹತ್ತು ಟನ್ನು ಅದಿರು 800 ಮೀಟರು ಇಳಿದರೆ ಗುರುತ್ವಾಕರ್ಷಣೆಯಿಂದ ಸುಮಾರು 80 ದಶಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಜೂಲ್ ಎಂಬುದು ಶಕ್ತಿಯ ಚಿಕ್ಕ ಅಳತೆ. ಒಂದು ನ್ಯೂಟನ್ ಬಲದಿಂದ ಒಂದು ಮೀಟರು ದೂಡಿದರೆ ಒಂದು ಜೂಲ್ ಕೆಲಸವಾಯಿತು. ಬೆಟ್ಟದಿಂದ ಇಳಿಯುವ ತಂತಿಹಗ್ಗಗಳಲ್ಲಿ ತುಂಬಿದ ತೊಟ್ಟಿಗಳ ಭಾರವೇ ಬರಿಯ ತೊಟ್ಟಿಗಳನ್ನು ಮೇಲಕ್ಕೆಳೆಯಲು ನೆರವಾಗಬಲ್ಲುದು. ಬೆಟ್ಟ ತಾನೇ ಬಾಡಿಗೆ ಕೊಟ್ಟು ಅದಿರನ್ನು ಕಳುಹಿಸಿತೆಂದು ಹೇಳಿದರೆ ತಪ್ಪಾಗದು.

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ನಮ್ಮ ಅಕ್ಕಿಗೆ ಇಂಥ ದಾನಿ ಯಾರೂ ಇಲ್ಲ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಅಲ್ಪ ಸ್ವಲ್ಪ ಏರುತಗ್ಗುಗಳನ್ನು ಸದ್ಯಕ್ಕೆ ಮರೆಯೋಣ. ಹಾಗಿದ್ದರೂ ಲಾರಿ ಡೀಸೆಲ್ಲನ್ನು ಕುಡಿಯುತ್ತದೆ. ಎಂದ ಮೇಲೆ ಆ ಶಕ್ತಿ ಅಕ್ಕಿಗಾಗಿ ವೆಚ್ಚವಾಗುತ್ತಿಲ್ಲ, ದಾರಿಯಲ್ಲಿ ಸೋರಿಹೋಗುತ್ತಿದೆ. ಸೋರುವ ತೂತುಗಳು ಮುಖ್ಯವಾಗಿ ಮೂರು.

ಮೂರು ತೂತುಗಳು

ಮೊದಲನೆಯದು ಟಯರು. ಗಾಳಿ ತುಂಬಿದ ಟಯರನ್ನು 1845ರಲ್ಲಿ ರಾಬರ್ಟ್ ಥಾಮ್ಸನ್ ಕಂಡುಹಿಡಿದನು. ಜನ ಅದನ್ನು ಮರೆತರು. 1888ರಲ್ಲಿ ಜಾನ್ ಡನ್ಲಪ್ ಮತ್ತೆ ಕಂಡುಹಿಡಿದು ಬಳಕೆಗೆ ತಂದನು. ನೆಲಕ್ಕೆ ತಾಗುವ ಕಡೆ ಟಯರು ಚಪ್ಪಟೆಯಾಗುತ್ತದೆ. ಉರುಳಿ ಮೇಲೆ ಹೋದೊಡನೆ ಮತ್ತೆ ದುಂಡಗಾಗುತ್ತದೆ. ರಬ್ಬರನ್ನು ಅದುಮಲು ನಾವು ಕೊಟ್ಟ ಶಕ್ತಿಯಷ್ಟನ್ನೂ ಅದು ಹಿಂದಿರುಗಿಸುವುದಿಲ್ಲ. ಒಂದು ಪಾಲನ್ನು ಶಾಖವಾಗಿಸಿ ಇಟ್ಟುಕೊಳ್ಳುತ್ತದೆ. ದೂರದಿಂದ ಬಂದು ನಿಂತ ಲಾರಿಯ ಟಯರನ್ನು ಮುಟ್ಟಿ ನೋಡಿದರೆ ಬೆಚ್ಚಗಿರುವುದು ಇದರಿಂದಲೇ. ಒಳ್ಳೆಯ ಡಾಂಬರು ರಸ್ತೆಯ ಮೇಲೆ ಈ ತಡೆ ವಾಹನದ ಭಾರದ ನೂರನೆಯ ಒಂದು ಪಾಲಿನಷ್ಟೆಂದು ಸ್ಥೂಲವಾಗಿ ಹೇಳಬಹುದು. 16 ಟನ್ನಿನ ಲಾರಿಗೆ ಅದು ಸುಮಾರು 1600 ನ್ಯೂಟನ್. 20 ಕಿಲೋಮೀಟರಿಗೆ 32 ದಶಲಕ್ಷ ಜೂಲ್. ಟಯರಿನಲ್ಲಿ ಗಾಳಿ ಕಡಿಮೆಯಾದರೆ, ಇಲ್ಲವೆ ರಸ್ತೆ ಹೊಂಡಬಿದ್ದರೆ ಈ ಲೆಕ್ಕ ಮೇಲೇರುತ್ತದೆ.

ಎರಡನೆಯದು ಗಾಳಿ. ಲಾರಿಯ ಮುಖ ಗೋಡೆಯಂತೆ ಚಪ್ಪಟೆಯಾಗಿದೆ. ಎದುರಿನ ಗಾಳಿಯನ್ನು ಸೀಳುವುದಿಲ್ಲ, ನೂಕುತ್ತದೆ. ವೇಗ ಇಮ್ಮಡಿಸಿದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಇದು 600 ನ್ಯೂಟನ್ನಿನ ಸುಮಾರಿಗಿರುತ್ತದೆ. ಇಡೀ ದಾರಿಗೆ 12 ದಶಲಕ್ಷ ಜೂಲ್. ಅಕ್ಕಿ ಇದ್ದರೂ ಇಲ್ಲದಿದ್ದರೂ ಗಾಳಿಯ ಪಾಲು ಅಷ್ಟೇ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಮೂರನೆಯದು ಬ್ರೇಕು. ಗಂಟೆಗೆ 50 ಕಿಲೋಮೀಟರು ವೇಗದಿಂದ ಓಡುವ 16 ಟನ್ನಿನ ಲಾರಿಯಲ್ಲಿ ಸುಮಾರು 1.5 ದಶಲಕ್ಷ ಜೂಲ್ ಚಲನಶಕ್ತಿ ಸೇರಿರುತ್ತದೆ. ಚಾಲಕ ಬ್ರೇಕನ್ನೊತ್ತಿ ನಿಲ್ಲಿಸಿದರೆ ಅದಷ್ಟೂ ಬ್ರೇಕಿನ ಡ್ರಮ್ಮುಗಳಲ್ಲಿ ಶಾಖವಾಗಿ ಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಬರಲು ಎಂಜಿನ್ನು ಅಷ್ಟನ್ನೂ ಹೊಸದಾಗಿ ಕೊಡಬೇಕು. ಟಯರು ಮತ್ತು ಗಾಳಿ ಕೂಡಿ ಕಿಲೋಮೀಟರಿಗೆ 2.2 ದಶಲಕ್ಷ ಜೂಲ್ ತೆಗೆದುಕೊಳ್ಳುತ್ತವೆಂಬುದನ್ನು ನೆನೆದರೆ, ಒಂದೊಂದು ನಿಲುಗಡೆಯೂ ದಾರಿಯನ್ನು ಸುಮಾರು 700 ಮೀಟರಿನಷ್ಟು ಉದ್ದ ಮಾಡಿತೆಂದು ತಿಳಿಯುತ್ತದೆ. ನೂರಾರು ಕಿಲೋಮೀಟರು ಹೋಗುವ ಲಾರಿಗೆ ಇದು ಲೆಕ್ಕವಲ್ಲ. ಆದರೆ ಹತ್ತಿರದ ಎರಡು ಊರುಗಳ ನಡುವೆ ಓಡುವ ಲಾರಿಗೆ ದಾರಿ ಹೊರಟ ಊರಿನ ಪೇಟೆಯಲ್ಲಿ ಮೊದಲಾಗಿ ಸೇರುವ ಊರಿನ ಪೇಟೆಯಲ್ಲಿ ಮುಗಿಯುತ್ತದೆ. ವೃತ್ತಗಳು, ರಸ್ತೆಯ ಉಬ್ಬುಗಳು, ಬಸ್ಸಿಗೆ ಕಾಯುವ ಜನ, ಅಡ್ಡ ಬರುವ ದನ ಇವೆಲ್ಲ ಸೇರಿ ಹತ್ತು ಸಲವಾದರೂ ನಿಂತು ಹೊರಡಬೇಕಾದೀತು. ಅದಕ್ಕೆ 15 ದಶಲಕ್ಷ ಜೂಲ್.

ಮೂರನ್ನೂ ಕೂಡಿಸಿದರೆ 59 ದಶಲಕ್ಷ ಜೂಲ್. ಕೆಮ್ಮಣ್ಣುಗುಂಡಿಯ ಗುಡ್ಡ ಹತ್ತು ಟನ್ನಿಗೆ ಕೊಡುವ ಶಕ್ತಿಗಿಂತ ಇದು ಕಡಿಮೆಯೇ.

ಡೀಸೆಲ್ಲಿನ ಲೆಕ್ಕ

ಒಂದು ಲೀಟರು ಡೀಸೆಲ್ ಉರಿದರೆ ಸುಮಾರು 36 ದಶಲಕ್ಷ ಜೂಲ್ ಶಾಖ ಬರುತ್ತದೆ. ಶಾಖವನ್ನು ಪೂರ್ಣವಾಗಿ ಕೆಲಸವಾಗಿ ಮಾರ್ಪಡಿಸುವ ಎಂಜಿನ್ನು ಸಾಧ್ಯವಿಲ್ಲವೆಂಬುದರ ಮೂಲಸೂತ್ರವನ್ನು ಫ್ರಾನ್ಸಿನ ಕಾರ್ನೋ 1824ರಲ್ಲಿ ತೋರಿಸಿಕೊಟ್ಟನು. ಡೀಸೆಲ್ ಎಂಜಿನ್ನು ಶಾಖಯಂತ್ರಗಳಲ್ಲಿ ಮಿತವ್ಯಯಿ. ಆದರೂ ನೂರು ಪಾಲು ಶಾಖದಲ್ಲಿ ಚಕ್ರಕ್ಕೆ ಮುಟ್ಟುವುದು ಸುಮಾರು ಮೂವತ್ತೈದು ಪಾಲೆಂದು ಇಟ್ಟುಕೊಳ್ಳೋಣ. ಉಳಿದದ್ದು ಹೊಗೆಕೊಳವೆಯಲ್ಲಿಯೂ ರೇಡಿಯೇಟರಿನಲ್ಲಿಯೂ ಹೋಗುತ್ತದೆ. ಹಾಗಾದರೆ ಲೀಟರಿಗೆ 12.6 ದಶಲಕ್ಷ ಜೂಲ್ ದಕ್ಕಿತು. 59 ದಶಲಕ್ಷಕ್ಕೆ 4.7 ಲೀಟರು ಬೇಕಾಯಿತು. ಲೀಟರಿಗೆ ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಇಂಥ ಲಾರಿಯ ಚಾಲಕರನ್ನು ಕೇಳಿದರೆ ಅವರು ಹೇಳುವುದೂ ಇದಕ್ಕೆ ಹತ್ತಿರವಾಗಿಯೇ ಇರುತ್ತದೆ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಅಕ್ಕಿ ಇಳಿಸಿದ ಲಾರಿ ಮನೆಗೆ ಮರಳಬೇಕು. ಮರಳುವಾಗ ಹೊರೆ ಸಿಕ್ಕದಿದ್ದರೆ 6 ಟನ್ನಿನ ಬರಿಯ ಲಾರಿಯೇ ಓಡಬೇಕು. ಟಯರಿಗೆ 12, ಗಾಳಿಗೆ ಮೊದಲಿನಂತೆಯೇ 12, ನಿಲುಗಡೆಗಳಿಗೆ ಸುಮಾರು 6, ಒಟ್ಟು 30 ದಶಲಕ್ಷ ಜೂಲ್. ಡೀಸೆಲ್ 2.4 ಲೀಟರು. ಏನನ್ನೂ ಹೊರದ ಲಾರಿ ಹೊತ್ತ ಲಾರಿಯ ಅರ್ಧದಷ್ಟು ಕುಡಿಯಿತು! ಹೋಗಿಬರುವುದು ಸೇರಿ 7.1 ಲೀಟರು. ಮರುಹೊರೆಗಾಗಿ ಚಾಲಕರು ಬುಕಿಂಗ್ ಕಚೇರಿಗಳ ಮುಂದೆ ಗಂಟೆಗಟ್ಟಲೆ ಕಾಯುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರೈಲು ಇಲ್ಲವೆ? ಎಂದು ಓದುಗರು ಕೇಳಬಹುದು. ಉಂಟು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಹಾದಿ 1899ರಲ್ಲಿಯೇ ಆಯಿತು. ಭದ್ರಾವತಿ ಅದರ ಮೇಲೆಯೇ ಇದೆ. ಉಕ್ಕಿನ ಚಕ್ರವೂ ಉಕ್ಕಿನ ಹಳಿಯೂ ಅಷ್ಟಾಗಿ ಚಪ್ಪಟೆಯಾಗುವುದಿಲ್ಲವಾದ್ದರಿಂದ ಅಲ್ಲಿ ಉರುಳುವಿಕೆಯ ತಡೆ ರಬ್ಬರು ಟಯರಿನದರ ಐದನೆಯ ಒಂದು ಪಾಲಿಗಿಂತಲೂ ಕಡಿಮೆ. ಆದರೆ ಅಕ್ಕಿಯ ಗಿರಣಿ ನಿಲ್ದಾಣದ ಪಕ್ಕದಲ್ಲಿಲ್ಲ, ಅಂಗಡಿಯೂ ಇಲ್ಲ. ಗಿರಣಿಯಿಂದ ನಿಲ್ದಾಣಕ್ಕೆ ಲಾರಿ, ಅಲ್ಲಿಂದ ವ್ಯಾಗನು, ಇಳಿದ ಮೇಲೆ ಮತ್ತೆ ಲಾರಿ. ಪ್ರತಿಯೊಂದು ಮೂಟೆಯನ್ನೂ ಮೂರು ಸಲ ಏರಿಸಿ ಮೂರು ಸಲ ಇಳಿಸಬೇಕು. ಲಾರಿಯಲ್ಲಿ ನೇರವಾಗಿ ಕಳುಹಿಸಿದರೆ ಒಂದು ಸಲ ಏರಿಸಿ ಒಂದು ಸಲ ಇಳಿಸಿದರೆ ಆಯಿತು. ದೂರ ನೂರಾರು ಕಿಲೋಮೀಟರಾದರೆ ಹಳಿಯ ಮೇಲೆ ಆಗುವ ಉಳಿತಾಯ ಈ ಹೆಚ್ಚಿನ ಏರಿಳಿತವನ್ನು ತುಂಬಿಕೊಡುತ್ತದೆ; 20 ಕಿಲೋಮೀಟರಿಗೆ ಉಳಿಯುವುದು ಎರಡು ಲೀಟರು ಡೀಸೆಲ್ಲಿನ ಸುಮಾರು.

ಏರಿಸಿ ಇಳಿಸುವ ಹಮಾಲಿಯ ಶ್ರಮವನ್ನು ನಮ್ಮ ಶಾಸ್ತ್ರದ ಅಳತೆಗೋಲಿನಿಂದ ಅಳೆದರೆ ನಾಚಿಕೆಯಾಗುವಂಥ ಉತ್ತರ ಬರುತ್ತದೆ. 200 ಮೂಟೆಗಳನ್ನು 1.2 ಮೀಟರು ಎತ್ತರಕ್ಕೆ ಏರಿಸಿದ ಕೆಲಸ ಬರಿಯ 1,20,000 ಜೂಲ್. ಇದನ್ನು ನಮ್ಮ ಎಂಜಿನ್ನು ಎರಡು ಟೀ ಚಮಚೆ ಡೀಸೆಲ್ಲಿನಿಂದ ಮಾಡಿ ಮುಗಿಸುತ್ತದೆ. ಆದರೆ ಮನುಷ್ಯನ ಸ್ನಾಯು ಗೂಟದಂತಲ್ಲ. ಗೂಟಕ್ಕೆ ಮೂಟೆಯನ್ನು ನೇತುಹಾಕಿದರೆ ಅದು ಆಯಾಸವಿಲ್ಲದೆ ಹೊತ್ತಿರುತ್ತದೆ. ಸ್ನಾಯುವಿನ ಎಳೆಗಳಾದರೋ ಭಾರವನ್ನು ಬರಿದೇ ಆತುಕೊಂಡಿರಲು ಸಹ ಕ್ಷಣಕ್ಷಣವೂ ಆಹಾರದ ಶಕ್ತಿಯನ್ನು ಉರಿಸುತ್ತಿರಬೇಕು. ಜೊತೆಗೆ ಹಮಾಲಿ ಪ್ರತಿ ಮೂಟೆಯೊಡನೆ ತನ್ನ ದೇಹವನ್ನೂ ಬಗ್ಗಿಸಿ ಎತ್ತುತ್ತಾನೆ, ನಡೆಯುತ್ತಾನೆ, ಮರಳುತ್ತಾನೆ. ಆದುದರಿಂದ ಸಮತಲದ ಮೇಲೆ ಹೊತ್ತು ನಡೆದವನು ಕೆಲಸ ಮಾಡಲಿಲ್ಲವೆಂಬ ಪಾಠದ ಮಾತು ಮೂಟೆಯ ವಿಷಯದಲ್ಲಿ ಸತ್ಯ. ಮನುಷ್ಯನ ವಿಷಯದಲ್ಲಿ ಅಲ್ಲ. ನಾನು ತರಗತಿಯಲ್ಲಿ ಇದನ್ನು ಬಿಡಿಸಿ ಹೇಳದೆ ಹೋದದ್ದು ನನ್ನ ತಪ್ಪು.

ಹೆಚ್ಚಿನ ಐದು ಟನ್ನು

ಇನ್ನು ಎರಡನೆಯ ಪ್ರಶ್ನೆ. ಅದೇ ಲಾರಿಯ ಮೇಲೆ ಹತ್ತರ ಬದಲು ಹದಿನೈದು ಟನ್ನು ಹೇರಿದರೆಂದು ಇಟ್ಟುಕೊಳ್ಳೋಣ. ಒಟ್ಟು ತೂಕ 21 ಟನ್ನಾಯಿತು. ಟಯರಿಗೆ 42, ಗಾಳಿಗೆ 12, ನಿಲುಗಡೆಗಳಿಗೆ 20, ಒಟ್ಟು 74 ದಶಲಕ್ಷ ಜೂಲ್. ಡೀಸೆಲ್ 5.9 ಲೀಟರು. ಹೊರೆ ಒಂದೂವರೆ ಪಟ್ಟಾದರೂ ಡೀಸೆಲ್ ಒಂದೂಕಾಲು ಪಟ್ಟು ಮಾತ್ರ ಆಯಿತು.

ಮಾಲೀಕರ ಬಳಿ ಸಾಗಿಸಬೇಕಾದ ಅಕ್ಕಿ ಒಟ್ಟು 30 ಟನ್ನಿದ್ದರೆ, ಹತ್ತು ಹತ್ತು ಟನ್ನಿನಂತೆ ಮೂರು ಸಲ ಹೋಗಿಬರಲು 21 ಲೀಟರಿಗಿಂತ ಸ್ವಲ್ಪ ಹೆಚ್ಚು ಡೀಸೆಲ್ ಬೇಕು. ಹದಿನೈದರಂತೆ ಎರಡು ಸಲ ಹೋಗಿಬರಲು 17 ಲೀಟರಿಗಿಂತ ಕಡಿಮೆ ಸಾಕು. ಸುಮಾರು ಐದು ಲೀಟರು ಉಳಿಯಿತು, ಅರ್ಧ ದಿನದ ಹೊತ್ತೂ ಉಳಿಯಿತು. ಮಾಲೀಕರು ಸುಳ್ಳು ಹೇಳಿಲ್ಲ. ಅವರ ಪುಸ್ತಕದಲ್ಲಿ ಲೆಕ್ಕ ಸರಿಯಾಗಿಯೇ ಇದೆ. ಆದರೆ ಲೆಕ್ಕದ ಮತ್ತೊಂದು ಪುಟವನ್ನು ಬೇರೆ ಪುಸ್ತಕದಲ್ಲಿ ಬರೆಯಲಾಗುತ್ತಿದೆ. ಆ ಪುಸ್ತಕ ಯಾವುದೆಂದರೆ ರಸ್ತೆ.

ಲಾರಿಯ ಭಾರವನ್ನು ನೆಲಕ್ಕೆ ದಾಟಿಸುವುದು ಅದರ ಅಚ್ಚುಗಳು. ಚಾಲಕರು ಆಕ್ಸಲ್ ಎಂದು ಕರೆಯುವುದು ಇದನ್ನೇ. ನಮ್ಮ ಲಾರಿಯ 16 ಟನ್ನಿನಲ್ಲಿ ಹಿಂದಿನ ಅಚ್ಚಿನ ಮೇಲೆ ಸುಮಾರು 10.5 ಟನ್ನು ಬೀಳುತ್ತದೆ. ತೂಕ 21 ಟನ್ನಾದಾಗ ಹೆಚ್ಚಿದ ಭಾರದ ಬಹುಪಾಲು ಹಿಂದಕ್ಕೇ ಹೋಗಿ, ಆ ಅಚ್ಚಿನ ಮೇಲೆ 15 ಟನ್ನಿನಷ್ಟಾಗುತ್ತದೆ. ಇದರಿಂದ ರಸ್ತೆಗಾಗುವ ಹಾನಿ ಎಷ್ಟು ಹೆಚ್ಚೀತು? ಒಂದೂವರೆ ಪಟ್ಟೆಂದು ಊಹಿಸುವುದು ಸಹಜ. ಆದರೆ ರಸ್ತೆ ಹಾಗೆ ಎಣಿಸುವುದಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ 1958ರಿಂದ 1960ರ ವರೆಗೆ ಇದನ್ನು ತಿಳಿಯುವುದಕ್ಕೆಂದೇ ದೊಡ್ಡ ಪ್ರಯೋಗವೊಂದು ನಡೆಯಿತು. ಬಗೆಬಗೆಯ ದಪ್ಪದ ರಸ್ತೆಗಳನ್ನು ಸುತ್ತುದಾರಿಗಳಾಗಿ ಕಟ್ಟಿ, ಗೊತ್ತಾದ ಭಾರದ ಲಾರಿಗಳನ್ನು ಎರಡು ವರ್ಷ ಅವುಗಳ ಮೇಲೆ ಸುತ್ತಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಸಲ ಅಚ್ಚುಗಳು ಹಾದುಹೋದವು. ಬಿರುಕು, ಕುಸಿತ, ಏರುಪೇರುಗಳನ್ನು ಅಳೆದು ನೋಡಿದಾಗ ಹಾನಿಯು ಅಚ್ಚಿನ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆಂದು ಸ್ಥೂಲವಾಗಿ ಕಂಡುಬಂದಿತು. ಭಾರ ಇಮ್ಮಡಿಯಾದರೆ ಹಾನಿ ಎರಡನ್ನು ನಾಲ್ಕು ಸಲ ಗುಣಿಸಿದಷ್ಟು, ಎಂದರೆ ಹದಿನಾರು ಮಡಿ. ಇದು ಗ್ರಹಗಳ ಚಲನೆಯಂತೆ ನಿಖರವಾದ ನಿಯಮವಲ್ಲ. ರಸ್ತೆಯ ಬಗೆ, ಮಣ್ಣು, ಹವೆ ಇವನ್ನನುಸರಿಸಿ ಘಾತ ಹೆಚ್ಚುಕಡಿಮೆಯಾಗುತ್ತದೆ. ಆದರೂ ಜಗತ್ತಿನ ರಸ್ತೆ ಎಂಜಿನಿಯರುಗಳು ಇದನ್ನು ಮಾರ್ಗದರ್ಶಕವಾಗಿ ಇಟ್ಟುಕೊಂಡಿದ್ದಾರೆ.

ಹೀಗೇಕಾಗುತ್ತದೆಂಬುದನ್ನು ತಂತಿಯ ತುಂಡಿನಿಂದ ತಿಳಿಯಬಹುದು. ತಂತಿಯನ್ನು ಸ್ವಲ್ಪವೇ ಬಗ್ಗಿಸಿ ಬಿಟ್ಟರೆ ಸಾವಿರಾರು ಸಲವಾದರೂ ತಾಳುತ್ತದೆ; ಮೊಣಕೈಯಂತೆ ಮಡಿಸಿದರೆ ಹತ್ತಿಪ್ಪತ್ತು ಸಲಕ್ಕೇ ಮುರಿಯುತ್ತದೆ. ರೈಲಿನ ಅಚ್ಚುಗಳು ಬಹುಕಾಲ ಓಡಿದ ಮೇಲೆ ಇದ್ದಕ್ಕಿದ್ದಂತೆ ಮುರಿಯುತ್ತಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪರೀಕ್ಷಿಸಿದ ಜರ್ಮನಿಯ ವೋಲರ್ ಕಂಡದ್ದೂ ಇದನ್ನೇ: ಬಗ್ಗುವಿಕೆ ಸ್ವಲ್ಪ ಹೆಚ್ಚಿದರೆ ಆಯುಷ್ಯ ಬಹಳ ಕುಗ್ಗುತ್ತದೆ. ರಸ್ತೆಯೂ ಪ್ರತಿ ಚಕ್ರದ ಕೆಳಗೆ ಕೂದಲೆಳೆಯಷ್ಟು ಬಗ್ಗಿ ಏಳುತ್ತದೆ. ಟಯರು ರಸ್ತೆಯ ಮೈಮೇಲೆ ಒತ್ತುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಸುಮಾರಾಗಿ ಸಮ; ಹೊರೆ ಹೆಚ್ಚಿದರೆ ಟಯರು ಇನ್ನಷ್ಟು ಅಗಲವಾಗಿ ಊರುತ್ತದೆ, ಅಷ್ಟೆ. ಆದುದರಿಂದ ಮೇಲಿನ ಡಾಂಬರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದಿರಬಹುದು. ಆದರೆ ಕೆಳಗಿನ ಜಲ್ಲಿಯ ಪದರಕ್ಕೂ ಅದರ ಕೆಳಗಿನ ಮಣ್ಣಿಗೂ ಮುಟ್ಟುವುದು ಒಟ್ಟು ಭಾರ. ಅಲ್ಲಿ ಬಿರುಕು ಹುಟ್ಟುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ರಸ್ತೆಗೆ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ನೀರು ಆ ಬಿರುಕಿನೊಳಗೆ ಇಳಿಯುತ್ತದೆ; ಮುಂದಿನ ಚಕ್ರ ಬಂದು ಒತ್ತಿದಾಗ ಅದೇ ನೀರು ಮಣ್ಣಿನ ನುಣ್ಪುಡಿಯನ್ನು ಎತ್ತಿಕೊಂಡು ಚಿಮ್ಮುತ್ತದೆ. ನವರಾತ್ರಿಯ ಹೊತ್ತಿಗೆ ನಮಗೆ ಕಾಣುವುದು ಹೊಂಡ. ಅದಕ್ಕೆ ಕಾರಣವಾದ ಲಾರಿ ಯಾವಾಗಲೋ ಹೋಗಿರುತ್ತದೆ.

ಈಗ ಗುಣಿಸಿ ನೋಡೋಣ. 10.5 ಟನ್ನು 15 ಆದರೆ ಭಾರ 1.43 ಪಟ್ಟು. ಅದರ ವರ್ಗ ಎರಡಕ್ಕಿಂತ ಸ್ವಲ್ಪ ಹೆಚ್ಚು. ವರ್ಗದ ವರ್ಗ ನಾಲ್ಕಕ್ಕಿಂತ ಹೆಚ್ಚು. ಹತ್ತು ಟನ್ನಿನ ಹೊರೆಯ ಒಂದು ಓಟದಲ್ಲಿ ಹಿಂದಿನ ಅಚ್ಚಿನಿಂದ ರಸ್ತೆಗಾಗುವ ಸವೆತವನ್ನು ಒಂದೆಂದು ಕರೆದರೆ, 30 ಟನ್ನು ಅಕ್ಕಿಯನ್ನು ಮೂರು ಓಟಗಳಲ್ಲಿ ಸಾಗಿಸಿದಾಗ ಸವೆತ ಮೂರು. ಎರಡೇ ಓಟಗಳಲ್ಲಿ ಸಾಗಿಸಿದಾಗ ಸವೆತ ಎಂಟಕ್ಕೂ ಮೀರಿತು. ಬರಿಯ ಲಾರಿಯ ಮರುಪಯಣದಲ್ಲಿ ಹಿಂದಿನ ಅಚ್ಚಿನ ಮೇಲೆ ಸುಮಾರು ಮೂರು ಟನ್ನು ಮಾತ್ರ ಇರುವುದರಿಂದ ಸವೆತ ನೂರೈವತ್ತರಲ್ಲಿ ಒಂದು ಪಾಲು ಸಹ ಇಲ್ಲ, ಅದನ್ನು ಬಿಟ್ಟುಬಿಡಬಹುದು. ಹೀಗೆ ಒಬ್ಬರಿಗೆ ಐದು ಲೀಟರು ಡೀಸೆಲ್ ಉಳಿಸಿಕೊಡುವುದಕ್ಕಾಗಿ ಎಲ್ಲರ ರಸ್ತೆ ಸುಮಾರು ಮೂರು ಪಟ್ಟು ಬೇಗ ಸವೆಯಿತು. ಆ ರಸ್ತೆಯ ಮೇಲೆ ಓಡುವ ಬಸ್ಸಿನ, ಆಟೋವಿನ, ಬೈಸಿಕಲ್ಲಿನ ಜನರೆಲ್ಲ ಅದಕ್ಕೆ ಪಾಲು ಕೊಡುತ್ತಾರೆ. ಹೊಂಡಬಿದ್ದ ರಸ್ತೆಯಲ್ಲಿ ಟಯರಿನ ತಡೆಯೂ ನಿಲುಗಡೆಗಳೂ ಹೆಚ್ಚುವುದರಿಂದ ಉಳಿಸಿದ ಐದು ಲೀಟರಿನಲ್ಲಿ ಒಂದು ಪಾಲನ್ನು ಲಾರಿಯೂ ಮುಂದೆ ಹಿಂದಿರುಗಿಸಬೇಕಾಗುತ್ತದೆ.

ಇದನ್ನು ಅರಿತೇ ಕಾನೂನು ಅಚ್ಚಿನ ಭಾರಕ್ಕೆ ಮಿತಿಯನ್ನಿಟ್ಟಿದೆ. ಭಾರತದಲ್ಲಿ ನಾಲ್ಕು ಟಯರುಗಳುಳ್ಳ ಒಂಟಿ ಅಚ್ಚಿಗೆ ಹಿಂದೆ 10.2 ಟನ್ನಿನ ಮಿತಿಯಿತ್ತು. 2018ರಲ್ಲಿ ಅದನ್ನು 11.5 ಟನ್ನಿಗೆ ಏರಿಸಿ, ಎರಡು ಅಚ್ಚಿನ ಲಾರಿಯ ಒಟ್ಟು ತೂಕವನ್ನು 18.5 ಟನ್ನಿಗೆ ನಿಲ್ಲಿಸಿದರು. 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ಅತಿಭಾರಕ್ಕೆ 20,000 ರೂಪಾಯಿಯನ್ನೂ, ಮೀರಿದ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿಯನ್ನೂ ದಂಡವಾಗಿ ಗೊತ್ತುಮಾಡಿತು. ಹದಿನೈದು ಟನ್ನು ಹೇರಿದ ನಮ್ಮ ಲಾರಿ ಅಚ್ಚಿನ ಮಿತಿಯನ್ನೂ ಒಟ್ಟು ತೂಕದ ಮಿತಿಯನ್ನೂ ಮೀರಿದೆ. ಆದರೆ ಕಾನೂನು ವೇಬ್ರಿಜ್ಜಿನ ಮೇಲೆ ನಿಂತ ಲಾರಿಯನ್ನು ಮಾತ್ರ ತೂಗಬಲ್ಲುದು. ಗಿರಣಿಯಿಂದ ಹೊರಟು ಇಪ್ಪತ್ತು ಕಿಲೋಮೀಟರಿನಲ್ಲಿ ಮಂಡಿಯನ್ನು ಸೇರುವ ಲಾರಿ ಅಂಥ ತೂಕವನ್ನು ಹಾಯದೆಯೇ ಹೋಗಿಬಿಡಬಹುದು. ಹತ್ತಿರದ ಸಾಗಾಣಿಕೆಯಲ್ಲಿ ಅತಿಭಾರದ ಆಸೆ ಹೆಚ್ಚಾಗುವುದು ಇದರಿಂದಲೇ.

ಏಳು ಮೀಟರು

ಉಳಿದದ್ದು ಚಾಲಕನ ಊಟ. ಗಂಟೆಗೆ 50 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರು. ಅಡ್ಡ ಬಂದದ್ದನ್ನು ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದರೆ 14 ಮೀಟರು ಆಗಲೇ ಹೋಯಿತು. ಆಮೇಲೆ 16 ಟನ್ನಿನ ಲಾರಿಯನ್ನು ಸುಸ್ಥಿತಿಯ ಬ್ರೇಕುಗಳು 24 ಮೀಟರಿನಲ್ಲಿ ನಿಲ್ಲಿಸುತ್ತವೆಂದು ಇಟ್ಟುಕೊಳ್ಳೋಣ. ಬ್ರೇಕುಗಳು ತಮ್ಮ ಪೂರ್ಣ ಬಲವನ್ನು ಆಗಲೇ ಕೊಟ್ಟಿದ್ದರೆ, 21 ಟನ್ನಿಗೂ ಅವು ಅಷ್ಟೇ ಬಲವನ್ನು ಕೊಡಬಲ್ಲವು. ಚಲನಶಕ್ತಿ ಮಾತ್ರ 21ಕ್ಕೆ 16ರ ಪ್ರಮಾಣದಲ್ಲಿ ಹೆಚ್ಚಿದೆ. ನಿಲ್ಲುವ ದೂರವೂ ಅದೇ ಪ್ರಮಾಣದಲ್ಲಿ ಬೆಳೆದು 31 ಮೀಟರಿಗಿಂತ ಹೆಚ್ಚಾಗುತ್ತದೆ. ವ್ಯತ್ಯಾಸ ಏಳು ಮೀಟರು. ಮೇಲಿಂದ ಮೇಲೆ ಬ್ರೇಕನ್ನೊತ್ತಿ ಡ್ರಮ್ಮುಗಳು ಕಾದಿದ್ದರೆ ಅವುಗಳ ಹಿಡಿತ ಸಡಿಲವಾಗಿ ಈ ದೂರ ಇನ್ನೂ ಬೆಳೆಯುತ್ತದೆ. ಮಳೆಯಲ್ಲಿ ರಸ್ತೆ ಜಾರುವುದು ಬೇರೆ.

ಏಳು ಮೀಟರೆಂದರೆ ಹೆಚ್ಚೇನಲ್ಲ. ನಮ್ಮ ತರಗತಿಯ ಕೋಣೆಯ ಅಗಲ. ಮಲವಗೊಪ್ಪದಲ್ಲಿಯೋ ನಿದಿಗೆಯಲ್ಲಿಯೋ ಸಂಜೆ ಶಾಲೆ ಬಿಟ್ಟ ಹೊತ್ತಿನಲ್ಲಿ ಹೆದ್ದಾರಿ ದಾಟುವ ಮಕ್ಕಳ ಮುಂದೆ ನಿಲ್ಲುವುದಕ್ಕೂ ಅವರನ್ನು ದಾಟಿ ನಿಲ್ಲುವುದಕ್ಕೂ ಅಷ್ಟು ಸಾಕು.

ಮರುದಿನದ ತರಗತಿಯಲ್ಲಿ ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದೆವು. ಗಾಳಿಯ ಪಾಲನ್ನು ಹುಡುಗಿಯೊಬ್ಬಳು ಲೆಕ್ಕ ಹಾಕಿದಳು. ನಿಲುಗಡೆಗಳನ್ನು ಎಣಿಸಿಕೊಂಡು ಬರುವ ಕೆಲಸವನ್ನು ಬಸ್ಸಿನಲ್ಲಿ ಬರುವವರು ವಹಿಸಿಕೊಂಡಿದ್ದರು. ಕೊನೆಯಲ್ಲಿ ಆ ಹುಡುಗ ಎರಡು ಸಂಖ್ಯೆಗಳನ್ನು ತನ್ನ ಪುಸ್ತಕದ ಹಾಳೆಯೊಂದರ ಮೇಲೆ ದೊಡ್ಡದಾಗಿ ಬರೆದುಕೊಂಡ: ಉಳಿತಾಯ ಐದು ಲೀಟರು, ನಿಲ್ಲುವ ದೂರ ಏಳು ಮೀಟರು ಹೆಚ್ಚು. ಹಾಳೆಯನ್ನು ಹರಿದು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಯಾರಿಗೆಂದು ನಾನು ಕೇಳಲಿಲ್ಲ. ತಂದೆಗೆ ಅದರ ಅಗತ್ಯವಿರಲಿಲ್ಲ. ಅವರಿಗೆ ಆ ಲೆಕ್ಕ ಕಾಲಿನಡಿಯ ಬ್ರೇಕಿನಿಂದಲೇ ತಿಳಿದಿತ್ತು.